ನನ್ನ ನೆತ್ತಿಯ ಮೇಲಿನ ಆಣೆ

ನನ್ನ ಮಗನ ಪಡೆಯ ಕಮಾಂಡಿಂಗ್ ಆಫೀಸರ್ ಅವರಿಗೆ,

ಮಾನ್ಯರೇ, ನನ್ನ ಮಗ ಎರಡು ಪ್ರಮಾಣ ಮಾಡಿದ್ದಾನೆ. ಒಂದು ನಿಮ್ಮೆದುರು, ಇನ್ನೊಂದು ನನ್ನೆದುರು. ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ನನಗೆ ಅರಿವಾಗಿ ಹನ್ನೊಂದು ದಿನವಾಯಿತು. ನಿಮ್ಮ ಕಚೇರಿಗೆ ಮೂರು ಪತ್ರ ಬರೆದೆ. "ಸ್ವೀಕರಿಸಲಾಗಿದೆ" ಎಂದು ಒಂದು ಸಾಲಿನ ಉತ್ತರ ಬಂತು. ಸ್ವೀಕರಿಸಿದ್ದಕ್ಕೆ ಧನ್ಯವಾದ, ಓದಿದ್ದರೆ ಇನ್ನೂ ಉಪಕಾರವಾಗುತ್ತಿತ್ತು. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಮಗನ ಹೆಸರು, ಅವನಿರುವ ಊರು ಬರೆಯುವುದಿಲ್ಲ. ಅವನಿಗೆ ತೊಂದರೆಯಾದೀತೆಂಬ ಭಯ.

ನಿಮ್ಮೆದುರು ಪ್ರಮಾಣ ಮಾಡಿದ ದಿನ ನಾನೂ ಇದ್ದೆ. ಮೈದಾನದಲ್ಲಿ ಅಪ್ಪ ಅಮ್ಮಂದಿರಿಗೆ ಕುರ್ಚಿ ಹಾಕಿಸಿ ಬಹಳ ಗೌರವದಿಂದ ನೋಡಿಕೊಂಡಿರಿ. ಮಗ ಗೀತೆಯ ಮೇಲೆ ಕೈಯಿಟ್ಟು ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂದ. ಅದರ ಬೆನ್ನಿಗೇ, ಪ್ರಾಣ ಹೋದರೂ ಮೇಲಧಿಕಾರಿಯ ಆಜ್ಞೆ ಪಾಲಿಸುತ್ತೇನೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಪದ್ಮನಾಭನಗರದಲ್ಲಿ ಇಪ್ಪತ್ತಾರು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಪೌರನೀತಿ ಟ್ಯೂಷನ್ ಹೇಳುವವಳು ನೋಡಿ, ತಲೆಗೆ ಹುಳ ಹೊಕ್ಕಿತು. ಈ ಎರಡು ಮಾತು ಎದುರುಬದುರು ನಿಂತ ದಿನ ಹುಡುಗ ಯಾವುದನ್ನು ಕೇಳಬೇಕು? ಕಾನೂನುಬದ್ಧ ಆಜ್ಞೆಯನ್ನಷ್ಟೇ ಪಾಲಿಸಬೇಕು ಎಂದು ನೀವು ಹೇಳಬಹುದು. ಸರಿ. ಯಾವುದು ಕಾನೂನುಬದ್ಧ ಎಂದು ತೀರ್ಮಾನಿಸಲು ನ್ಯಾಯಾಲಯಗಳಿಗೇ ವರ್ಷಗಟ್ಟಲೆ ಹಿಡಿಯುತ್ತದೆ. ಇಪ್ಪತ್ಮೂರರ ಹುಡುಗ, ಕಲ್ಲು ತೂರಾಟದ ನಡುವೆ ನಿಂತು, ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕೇ? ಭೇಷ್!

ಇನ್ನು ನನ್ನ ತಪ್ಪು. ಯುಗಾದಿಗೆ ರಜೆಯಲ್ಲಿ ಬಂದವನು ವಾಪಸ್ ಹೊರಟಾಗ, ಸುಮ್ಮನೆ ಮೊಸರು ಕೊಟ್ಟು ಕಳಿಸಬಾರದಿತ್ತೇ ನಾನು? ಬಾಗಿಲಿಗೆ ಅಡ್ಡ ನಿಂತೆ. ಅವನ ಕೈ ಎಳೆದು ನನ್ನ ನೆತ್ತಿಯ ಮೇಲೆ ಇಟ್ಟುಕೊಂಡೆ. "ಬರಿಗೈಲಿರೋರ ಮೇಲೆ ಗುಂಡು ಹಾರಿಸಲ್ಲ ಅಂತ ಆಣೆ ಮಾಡು" ಅಂದೆ.

"ಅಮ್ಮಾ, ಅದೆಲ್ಲ ನನ್ನ ಕೈಲಿ ಇರಲ್ಲಮ್ಮ. ಆಟೋ ಕಾಯ್ತಿದೆ, ಬಿಡು."

"ಮಾಡ್ತೀಯೋ ಇಲ್ವೋ?"

ಮಾಡಿದ. ನಗುತ್ತಲೇ ಮಾಡಿದ. ಆದರೆ ಒಂದು ಸಲವೂ ನನ್ನ ತಲೆ ಮುಟ್ಟಿ ಸುಳ್ಳು ಹೇಳಿದವನಲ್ಲ ಅವನು. ಆಣೆ ತಪ್ಪಿದರೆ ಅಮ್ಮನಿಗೆ ಏನಾದರೂ ಆಗಿಬಿಡುತ್ತದೆ ಎಂದು ಈಗಲೂ ನಂಬುತ್ತಾನೆ. ಹಾಗೆ ನಂಬಿಸಿದವಳೂ ನಾನೇ, ಅವನು ಮೂರನೇ ಕ್ಲಾಸಿನಲ್ಲಿ ಯಾರದೋ ಪೆನ್ಸಿಲ್ ಎತ್ತಿಕೊಂಡು ಬಂದಾಗ.

ಆಮೇಲೆ ನಿಮ್ಮ ಪಡೆಯನ್ನು ಗಡಿಯಿಂದ ತೆಗೆದು, ಗಲಭೆಯೆದ್ದ ಊರೊಂದಕ್ಕೆ ಕಳಿಸಿದರು. ಅಲ್ಲಿ ಎದುರಿಗಿರುವವರು ಶತ್ರುಗಳಲ್ಲ, ನಮ್ಮವರೇ. ಹನ್ನೊಂದು ದಿನದ ಹಿಂದೆ ಫೋನ್ ಮಾಡಿದ. ಊಟ ಆಯ್ತಾ ಅಂತಲೂ ಕೇಳಲಿಲ್ಲ. "ಅಮ್ಮಾ, ಆವತ್ತಿನ ಆಣೆ ಇನ್ನೂ ಇದ್ಯಾ?" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಹೋಯಿತು. ಅಲ್ಲಿ ಫೋನ್‌ಗಳನ್ನೆಲ್ಲ ನಿಲ್ಲಿಸಿದ್ದಾರಂತೆ.

ಹೊಸಕೆರೆಹಳ್ಳಿಯ ಬೋರಣ್ಣ ಸೇನೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಮೊಮ್ಮಗಳು ಬಿಂದುಶ್ರೀಯನ್ನು ನನ್ನ ಟ್ಯೂಷನ್ನಿಗೆ ಬಿಡಲು ಬರುತ್ತಾರೆ. ಅವರ ಹತ್ತಿರ ಹೇಳಿಕೊಂಡೆ. ಅವರ ಮುಖ ಕಪ್ಪಿಟ್ಟಿತು.

"ಎಂಥ ಕೆಲ್ಸ ಮಾಡ್ಬುಟ್ರಿ ಮೇಡಂ! ಬರಿಗೈಯೋ ಅಲ್ವೋ ಅಂತ ದೂರದಿಂದ ಯಾರಿಗ್ ಗೊತ್ತಾಯ್ತದೆ? ಅಮ್ಮನ ತಲೆ ನೆನೆಸ್ಕೊಂಡು ಒಂದು ಗಳಿಗೆ ತಡ ಮಾಡಿದ್ರೆ, ಎದುರುಗಡೆಯೋನು ಹೊಡ್ದೇಬುಡ್ತಾನೆ. ಆಣೆ ಬಿಡಿಸ್ಬುಡಿ, ಇವತ್ತೇ."

ಅವತ್ತಿನಿಂದ ಗೇಟ್ ಸದ್ದಾದರೆ ಸಾಕು, ಕಿಟಕಿಗೆ ಓಡುತ್ತೇನೆ. ಯಾರೋ ಸಮವಸ್ತ್ರದವರು ಬಂದು ನಿಂತಿದ್ದಾರೆ ಅನ್ನಿಸುತ್ತದೆ. ಪಾರ್ಸೆಲ್ ತಂದವನನ್ನು ನೋಡಿ ಅತ್ತುಬಿಟ್ಟೆ, ಪಾಪ, ಅವನು ಗಾಬರಿಯಾಗಿ ನೀರು ಕುಡಿಸಿ ಹೋದ.

ಆದ್ದರಿಂದ ನನ್ನ ಮೊದಲ ಒತ್ತಾಯ: ನಿಮ್ಮ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿ, ಪದ್ಮನಾಭನಗರದ ಅಮ್ಮ ಆಣೆ ಬಿಟ್ಟಿದ್ದಾಳೆ, ಅವಳ ತಲೆಗೆ ಏನೂ ಆಗುವುದಿಲ್ಲ ಎಂದು. ಅಂಥ ಆಣೆ ಹೊತ್ತು ಬಂದವನು ನನ್ನ ಮಗನೊಬ್ಬನೇ ಇರಲಾರ. ಎದುರಿಗೆ ಬರಿಗೈಯಲ್ಲಿ ನಿಂತವನಿಗೂ ತಾಯಿ ಇದ್ದಾಳೆ, ಗೊತ್ತು. ಗೊತ್ತಿದ್ದೂ ಬಿಡುತ್ತಿದ್ದೇನೆ. ಹೆದರಿಕೆ ಸಾರ್, ಬರೀ ಹೆದರಿಕೆ. ನಾಚಿಕೆಯೂ ಆಗುತ್ತಿದೆ.

ಆದರೆ ನಾನು ಬಿಟ್ಟದ್ದನ್ನು ಯಾರಾದರೂ ಹಿಡಿದುಕೊಳ್ಳಬೇಕಲ್ಲ? ಆಜ್ಞೆ ಕೊಡುವವರು ನೀವು. ನಿಮಗೂ ತಾಯಿ ಇದ್ದರೆ, ಮನೆಗೆ ಹೋದಾಗ ಅವರ ನೆತ್ತಿಯ ಮೇಲೆ ಕೈಯಿಡಿ. ಬರಿಗೈಯವರ ಮೇಲೆ ಗುಂಡು ಹಾರಿಸು ಎಂದು ನನ್ನ ಮಗನಿಗೆ ಎಂದೂ ಹೇಳುವುದಿಲ್ಲ ಎಂದು ಆಣೆ ಮಾಡಿ. ನಗುತ್ತಾ ಮಾಡಬೇಡಿ.

ಇಂತಿ,
ಊರ ಮಕ್ಕಳನ್ನೆಲ್ಲ ಪೌರನೀತಿಯಲ್ಲಿ ಪಾಸು ಮಾಡಿಸಿ, ತಾನು ಮಾತ್ರ ಫೇಲಾದ
ಒಬ್ಬ ಟ್ಯೂಷನ್ ಟೀಚರ್