ಕೊರಳ ಹಲಗೆ

ಯಾದಗಿರಿ
೯ ಫೆಬ್ರವರಿ ೨೦೨೫, ಭಾನುವಾರ

ನನ್ನ ಬೆಂಚಿನ ಸುನಿತಾಗೆ,

ಸುಗಲಮ್ಮನ ನಮಸ್ಕಾರ. ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡ, ಪೂರ್ತಿ ಓದು. ಕಲಬುರಗಿಯ ನಿನ್ನ ಹಾಸ್ಟೆಲಿನಲ್ಲಿ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲವೆಂದು ನಿಮ್ಮ ಅವ್ವ ಹೇಳಿದರು. ವಿಳಾಸ ಕೊಟ್ಟದ್ದೂ ಅವರೇ. ಪತ್ರದ ಜೊತೆ ಒಂದು ಬಟ್ಟೆಯ ಚೀಲ ಇದೆ. ಬಾಯಿ ಹೊಲಿದಿದ್ದೇನೆ. ಓದಿ ಮುಗಿಸಿದ ಮೇಲೇ ಬಿಚ್ಚು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ತಡೆಯಲು ಆಗುತ್ತಿಲ್ಲ. ಸಿಸ್ಟರ್ ಸೆವರಿನ್ ನನ್ನನ್ನು ಮತ್ತೆ ನಮ್ಮ ಕಾನ್ವೆಂಟ್ ಶಾಲೆಗೆ ಕರೆದಿದ್ದಾರೆ. ಜೂನ್‌ನಿಂದ, ಹತ್ತನೇ ತರಗತಿಗೆ. ನಿನ್ನೆಯಿಂದ ಮನೆಯೊಳಗೆ ಸುತ್ತುತ್ತಲೇ ಇದ್ದೇನೆ, ಎರಡು ಸಲ ನೀರಿನ ಕೊಡ ಎಡವಿದೆ. ಆದರೆ ಅದು ಆಗುವುದು ಬಿಡುವುದು ನಿನ್ನ ಕೈಯಲ್ಲಿದೆ. ಅದಕ್ಕೇ ಈ ಪತ್ರ.

ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟ ಮೇಲೆ ನಾನು ಬಳೆ ಅಂಗಡಿಯಲ್ಲಿ ಮೂರು ವಾರ ಇದ್ದೆ, ಬ್ಯೂಟಿ ಪಾರ್ಲರಿನಲ್ಲಿ ಒಂದು ತಿಂಗಳು, ಅಪ್ಪನ ಕುರಿಗಳ ಹಿಂದೆ ಒಂದು ಬೇಸಿಗೆ. ಎಲ್ಲಿಯೂ ನಿಲ್ಲಲಿಲ್ಲ. ಈಗ ಸ್ಟೇಷನ್ ರಸ್ತೆಯ ಮದೀನಾಬೀ ಅವರ ಟೇಲರಿಂಗ್ ಅಂಗಡಿಯಲ್ಲಿ ಅಂಚು ಹೊಲಿಯುತ್ತೇನೆ. ನಮ್ಮ ಶಾಲೆಯ ಯೂನಿಫಾರ್ಮ್ ಹೊಲಿಯುವುದು ಅವರೇ. ನಿನ್ನೆ ಶಾಲೆಯವರಿಗೆ ಬರುವ ವರ್ಷದ ಮಾದರಿ ತೋರಿಸಬೇಕಿತ್ತು. ಉದ್ದ ನೋಡಲು ನನಗೇ ತೊಡಿಸಿ ಸ್ಟೂಲಿನ ಮೇಲೆ ನಿಲ್ಲಿಸಿದ್ದರು.

"ಒಂದು ನಿಮಿಷ ಸುಮ್ಮ ನಿಂದ್ರು ಹುಡುಗಿ. ನಿನ್ನ ಅಳತಿ ತಗೊಳ್ಳೋದಂದ್ರ ಓಡೋ ಕುರಿ ಕೂದಲ ಕತ್ತರಿಸಿದಂಗ ಅದ" ಎಂದು ಬೈಯುತ್ತಿದ್ದರು. ಅಷ್ಟರಲ್ಲಿ ಸಿಸ್ಟರ್ ಒಳಗೆ ಬಂದರು. ಎರಡು ಜಡೆ, ನೀಲಿ ಪಿನಾಫೋರು, ಸ್ಟೂಲಿನ ಮೇಲೆ ನಾನು. ಇಳಿದು ಓಡೋಣವೆಂದರೆ ಅಂಚಿನ ತುಂಬ ಗುಂಡುಸೂಜಿ.

"ಎಂತ ಸುಗಲಮ್ಮ, ನಿನಗೆ ಇದು ಇನ್ನೂ ಆಗ್ತದಲ್ಲ" ಎಂದರು, ಅದೇ ಮಂಗಳೂರಿನ ಕನ್ನಡದಲ್ಲಿ. "ಜೂನಿಗೆ ಬರ್ತೀಯಾ? ಒಂದು ವರ್ಷ ಒಂದೇ ಕಡೆ ಕೂತುಕೊಳ್ಳಲಿಕ್ಕೆ ಆಗ್ತದಾ ನಿನಗೆ?"

ಮದೀನಾಬೀ ಬಾಯಲ್ಲಿದ್ದ ಸೂಜಿ ತೆಗೆದು, "ಕೂಡ್ತಾಳ್ರಿ ಸಿಸ್ಟರ್. ಇಲ್ಲಂದ್ರ ನಾನೇ ಬೆಂಚಿಗೆ ಹಾಕಿ ಹೊಲೀತೀನಿ" ಎಂದರು.

ಹೂಂ ಎಂದಿದ್ದರೆ ಮುಗಿದಿತ್ತು. ಸುನಿತಾ, ನನಗೆ ಎಷ್ಟು ಆಸೆಯಾಯಿತು ಗೊತ್ತಾ? ಆದರೆ ಆ ಬಟ್ಟೆ ತೊಟ್ಟುಕೊಂಡು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. "ಸಿಸ್ಟರ್, ನಾ ಒಂದು ಸುಳ್ಳು ಹೇಳೀನ್ರಿ" ಎಂದೆ. ಸ್ಟೂಲಿನ ಮೇಲಿಂದಲೇ ಎಲ್ಲ ಹೇಳಿದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಒಂದನ್ನೂ ಬಿಡದೆ ಬರೆಯಬೇಕೆಂದು ಸಿಸ್ಟರ್ ಹೇಳಿದ್ದಾರೆ. ನಮ್ಮ ಶಾಲೆಯ ಕಾಂಪೌಂಡಿನೊಳಗೆ ಕನ್ನಡ ಮಾತಾಡಿದವರ ಕೊರಳಿಗೆ ದಾರ ಕಟ್ಟಿದ ಆ ಮರದ ಹಲಗೆ ಬೀಳುತ್ತಿತ್ತು. ಇನ್ನೊಬ್ಬಳು ಕನ್ನಡ ಮಾತಾಡಿ ಸಿಕ್ಕಿಬಿದ್ದರೆ ಮಾತ್ರ ಅವಳಿಗೆ ದಾಟಿಸಬಹುದು. ಕೊನೆಯ ಗಂಟೆ ಹೊಡೆದಾಗ ಯಾರ ಕೊರಳಲ್ಲಿ ಇರುತ್ತದೋ ಅವಳು ಚಾಪೆಲಿನ ಮುಂದಿನ ಅಂಗಳ ಗುಡಿಸಬೇಕು. ಆ ದಿನ ಕೊನೆಯ ಗಂಟೆಗೆ ಅದು ನನ್ನ ಕೊರಳಲ್ಲೇ ಇತ್ತು. ಗುಡಿಸದೆ ಹಿಂದಿನ ಗೋಡೆ ಹಾರಿ ಮನೆಗೆ ಹೋದೆ. ಹಲಗೆಯೂ ನನ್ನ ಜೊತೆ ಬಂತು.

ಮರುದಿನ ಪ್ರಾರ್ಥನೆಯಲ್ಲಿ ಸಿಸ್ಟರ್ ಕೇಳಿದಾಗ, ನಿನಗೆ ಕೊಟ್ಟೆ ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಅಂದರೆ ಶಾಲೆಯ ಲೀಡರೇ ಕನ್ನಡ ಮಾತಾಡಿದಳು, ಮೇಲೆ ಹಲಗೆ ಮುಚ್ಚಿಟ್ಟಳು ಎಂದು. ನೀನು ಇಲ್ಲ ಎನ್ನುತ್ತೀ ಎಂದುಕೊಂಡಿದ್ದೆ. ನೀನು ನನ್ನ ಕಡೆ ನೋಡಿದೆ, ಅಷ್ಟೇ. ನಾನೂರು ಮಕ್ಕಳ ಮುಂದೆ ನಿನ್ನ ಬ್ಯಾಡ್ಜ್ ತೆಗೆದರು. ಆಮೇಲೆ ಬೆಂಚಿನಲ್ಲಿ ನಿನ್ನ ಪಕ್ಕ ಕುಳಿತಾಗ ಪಿನಾಫೋರಿನಲ್ಲಿ ಪಿನ್ನಿನ ಎರಡು ತೂತು ಕಂಡವು. ಅದರ ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಗಣಿತ ತಲೆಗೆ ಹತ್ತಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನೀನು ಮೂರು ಸಲ ನಮ್ಮ ಮನೆಗೆ ಬಂದೆ. ಮೂರು ಸಲವೂ ನಾನು ಮಾಳಿಗೆಯ ಮೇಲೆ ಕುಳಿತು ನಿನ್ನ ಚಪ್ಪಲಿ ನೋಡುತ್ತಿದ್ದೆ.

ನಿನ್ನೆ ಇದನ್ನೆಲ್ಲ ಕೇಳಿ ಸಿಸ್ಟರ್ ಸ್ಟೂಲಿನ ಹತ್ತಿರ ಬಂದರು. ಆಮೇಲೆ, "ಬ್ಯಾಡ್ಜ್ ತೆಗೆದದ್ದು ನಾನು. ನಾನೂ ಅವಳಿಗೆ ಕಾಗದ ಬರೀತೇನೆ. ನೀನು ಮೊದಲು ಬರಿ. ಅವಳ ಉತ್ತರ ತೆಗೆದುಕೊಂಡು ಬಾ. ಅವಳು ಬೇಡ ಅಂದರೆ ನಾನು ಸೇರಿಸುವುದಿಲ್ಲ" ಎಂದರು. ಹಲಗೆಯ ಪದ್ಧತಿಯನ್ನು ಆ ವರ್ಷವೇ ನಿಲ್ಲಿಸಿದರಂತೆ.

ಅಪ್ಪನಿಗೆ ಹೇಳಿದರೆ, "ಆ ಹುಡುಗಿ ಬ್ಯಾಡ ಅಂದ್ರ ನಾ ಏನೂ ಮಾತಾಡಂಗಿಲ್ಲ ನೋಡು" ಎಂದ. ಆದರೂ ಸಂಜೆ ಅಂಗಡಿಗೆ ಹೋಗಿ ಹೊಸ ಕಂಪಾಸ್ ಪೆಟ್ಟಿಗೆ ತಂದ. ಅದನ್ನು ಇಪ್ಪತ್ತು ಸಲ ತೆಗೆದು ಮುಚ್ಚಿದ್ದೇನೆ. ನನಗಿಂತ ಎರಡು ವರ್ಷ ಚಿಕ್ಕವರ ನಡುವೆ ಕೂರಬೇಕು, ಅವರು ಅಕ್ಕಾ ಎನ್ನುತ್ತಾರೆ, ನಗುತ್ತಾರೆ. ನಗಲಿ. ನನಗೆ ಆ ಬೆಂಚು ಬೇಕು.

ಬೇಡ ಎಂದು ಬರೆದರೂ ಆ ಪತ್ರವನ್ನು ನಾನೇ ಸಿಸ್ಟರ್ ಕೈಗೆ ಕೊಡುತ್ತೇನೆ. ಮುಚ್ಚಿಡುವುದಿಲ್ಲ.

ಗೋಡೆ ಹಾರಿ ಹೋದ
ಸುಗಲಮ್ಮ

ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿದೆ: ಗುಡಿಸಬೇಕಲ್ಲ ಎಂಬ ಹೆದರಿಕೆಗೆ ನಾನು ನಿನ್ನ ಹೆಸರು ಹೇಳಲಿಲ್ಲ. ಆ ಅಂಗಳವನ್ನು ನನ್ನಷ್ಟು ಸಲ ಗುಡಿಸಿದವರು ಯಾರಿದ್ದಾರೆ? ಲೀಡರ್ ಚುನಾವಣೆಗೆ ನಾನೂ ನಿಂತಿದ್ದೆ, ನೀನು ಗೆದ್ದೆ. ಆ ಬ್ಯಾಡ್ಜ್ ನನಗೆ ಬೇಕಿತ್ತು. ಸಿಸ್ಟರ್ ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಚೀಲ ಬಿಚ್ಚು. ಒಳಗಿರುವುದು ಅದೇ ಹಲಗೆ. ನಿನಗೆ ಕೊಟ್ಟೆನೆಂದು ಅವತ್ತು ಹೇಳಿದ್ದು ಸುಳ್ಳು, ಇವತ್ತು ನಿಜವಾಗಿ ಕೊಟ್ಟಿದ್ದೇನೆ. ಈ ಪತ್ರವನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲೇ ಬರೆದಿದ್ದೇನೆ, ಹಾಗಾಗಿ ನಿಯಮದ ಪ್ರಕಾರ ನಾನು ಸಿಕ್ಕಿಬಿದ್ದೆ. ರಜೆಗೆ ಬಂದಾಗ ನೀನೇ ನನ್ನ ಕೊರಳಿಗೆ ಹಾಕು. ಈ ಸಲ ಮಾಳಿಗೆ ಹತ್ತುವುದಿಲ್ಲ.