ದೀಪದ ಕಂಬದ ಪಕ್ಕದ ಜಾಗ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಫೋಟೋ ತೆಗೆಯುವ ಕೆಲಸಕ್ಕೆಂದು ಹಡಗು ಹತ್ತಿದ ಹೊಸತರಲ್ಲಿ ಹೊಟ್ಟೆ ತೊಳಸುತ್ತದೆ ಎಂದು ನೀನು ಬರೆದಿದ್ದೆ, ಈಗ ಒಗ್ಗಿತಾ? ಉತ್ತರ ಬರುತ್ತದೆಂಬ ಭರವಸೆಯಿಂದ ಇದನ್ನೆಲ್ಲ ಕೇಳುತ್ತಿಲ್ಲ. ಪತ್ರ ಎಂದಮೇಲೆ ಕ್ಷೇಮ ವಿಚಾರಿಸದೆ ಮುಂದಕ್ಕೆ ಹೋಗಲು ಕೈ ಬರುವುದಿಲ್ಲ, ಅಷ್ಟೇ. ನನ್ನ ಹಿಂದಿನ ಪತ್ರಗಳನ್ನೆಲ್ಲ ಸಮುದ್ರವೇ ನುಂಗಿತೋ ಏನೋ. ಹಡಗಿನ ಕಂಪನಿಗೆ ಫೋನು ಮಾಡಿ ಮಾಡಿ ಸಾಕಾಗಿ ಹೋಯಿತು. ಕೊನೆಗೊಮ್ಮೆ ಒಬ್ಬ ಪುಣ್ಯಾತ್ಮ ಬಾಯಿ ಬಿಟ್ಟ: "ನಿಮ್ಮಣ್ಣ ದಾರೀಲಿ ಒಂದು ಬಂದರಿನಲ್ಲಿ ಇಳಿದ್ರು, ಹಡಗು ಹೊರಡೋ ಹೊತ್ತಿಗೆ ವಾಪಸ್ ಬರ್ಲಿಲ್ಲ. ಕ್ಯಾಮೆರಾ ಇಲ್ಲೇ ಬಿಟ್ಟಿದ್ದಾರೆ. ಆಮೇಲಿನದು ನಮಗೆ ಗೊತ್ತಿಲ್ಲ." ನೀನು ಕ್ಯಾಮೆರಾ ಬಿಟ್ಟು ಎಲ್ಲಿಗಾದರೂ ಹೋಗುವುದುಂಟೇ? ಸ್ನಾನದ ಮನೆಗೆ ಹೋಗುವಾಗಲೂ ಅದನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂರಿಸಿ ಹೋಗುತ್ತಿದ್ದವನು ನೀನು. ಈ ಮಾತನ್ನು ಅಮ್ಮನಿಗೆ ಹೇಳಿಲ್ಲ. ಸಮುದ್ರದ ಮೇಲಿಂದ ಟಪಾಲು ನಿಧಾನ ಎಂದು ದಿನಾ ಒಂದು ಸುಳ್ಳು ಹೊಸೆಯುತ್ತೇನೆ. ಈ ಪತ್ರವನ್ನೂ ಅದೇ ಕಂಪನಿಯ ವಿಳಾಸಕ್ಕೆ ಹಾಕುತ್ತೇನೆ, ಯಾರ ಕೈಯಿಂದಲಾದರೂ ನಿನಗೆ ಮುಟ್ಟಲಿ.

ಅಮ್ಮ ಚೆನ್ನಾಗಿದ್ದಾಳೆ. ಕಣ್ಣಿನ ಆಪರೇಷನ್ ಆಯಿತು, ಪಟ್ಟಿಯನ್ನೂ ಬಿಚ್ಚಿದರು. ಹೊಸ ಕಣ್ಣು ಬಂದದ್ದೇ ತಡ, ನನ್ನ ಪ್ರಾಣ ಹಿಂಡುತ್ತಿದ್ದಾಳೆ. ಫ್ಯಾನಿನ ರೆಕ್ಕೆಯ ಮೇಲಿನ ಧೂಳು, ಪಾತ್ರೆಯ ತಳದ ಕಲೆ, ನನ್ನ ಕೆನ್ನೆಯ ಮೇಲಿನ ಮಚ್ಚೆ, ಒಂದೂ ಬಿಡುವುದಿಲ್ಲ. "ಇದು ಯಾವಾಗ ಬಂತೇ?" ಎಂದು ಮಚ್ಚೆಯನ್ನು ಉಜ್ಜಿ ನೋಡಿದಳು! ಮೊನ್ನೆ ಗುಂಡಿಗಳ ಡಬ್ಬಿ ತೆಗೆದು ಕೂತವಳು ಇದ್ದಕ್ಕಿದ್ದಂತೆ ಎಲ್ಲವನ್ನೂ ನೆಲಕ್ಕೆ ಸುರಿದು ಹುಡುಕತೊಡಗಿದಳು. ನೀನು ಹೊರಡುವ ಮುಂಚೆ ನಿನ್ನ ಬಿಳಿ ಅಂಗಿಗೆ ಎದೆಯ ಹತ್ತಿರ ಗುಂಡಿ ಹೊಲಿದು ಕೊಟ್ಟಿದ್ದಳಲ್ಲ, ಅವಳು ಹೊಲಿದೆನೆಂದುಕೊಂಡಿದ್ದ ಬಿಳಿ ಗುಂಡಿ ಡಬ್ಬಿಯಲ್ಲೇ ಇತ್ತು. ನನ್ನ ಹಳೇ ಫ್ರಾಕಿನ ಕೆಂಪು ಗುಂಡಿ ಮಾತ್ರ ಕಾಣೆಯಾಗಿತ್ತು. "ಅಯ್ಯೋ, ಬಿಳಿ ಅಂಗಿಗೆ ಕೆಂಪು ಗುಂಡಿ ಹಾಕಿ ಕಳಿಸಿದ್ದೀನಲ್ಲೇ, ಯಾರೂ ಹೇಳ್ಬಾರ್ದಾ?" ಎಂದು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ನಾನು ಅವತ್ತೇ ಹೇಳಲು ಹೋಗಿದ್ದೆ. ನೀನು ಕಣ್ಣು ಮಿಟುಕಿಸಿ ಬಾಯಿ ಮುಚ್ಚಿಸಿದೆ. ಅದೇ ಅಂಗಿ ತೊಟ್ಟು ಹೊರಟೆ.

ಇನ್ನು ನನ್ನ ಸಂಗತಿ. ಪಾರ್ಕಿನಲ್ಲಿ ನಿನ್ನ ಕೆಲಸ ಈಗ ನನ್ನದು. ದಿನಾ ಸಂಜೆ ಪಾರ್ಕು ಮುಚ್ಚುವ ಮುಂಚಿನ ಬಾಣಬಿರುಸು, ಅದರ ಒಂದು ದೊಡ್ಡ ಚಿತ್ರ, ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಮಾರಾಟಕ್ಕೆ. ಎಲ್ಲ ನೀನಿದ್ದಾಗಿನ ಹಾಗೆಯೇ. ಫೋಟೋ ಅಂಗಡಿಯ ತಾರಸಿ, ಕೆಳಗೆ ಕೊಳದ ಕಂಬಿಗೆ ಆತು ನಿಂತ ಜನರ ಬೆನ್ನುಗಳು, ಆಚೆ ದಡದಿಂದ ಮೇಲೇರುವ ಬಾಣಗಳು. ನಿನ್ನ ಕಪ್ಪು ರಟ್ಟನ್ನೇ ಬಳಸುತ್ತೇನೆ. ಶಟರ್ ತೆರೆದಿಟ್ಟು ಲೆನ್ಸಿಗೆ ರಟ್ಟು ಮುಚ್ಚುವುದು, ಬಾಣ ಸಿಡಿದಾಗ ಸರಿಸುವುದು, ಆರಿದೊಡನೆ ಮತ್ತೆ ಮುಚ್ಚುವುದು. ಒಂದೇ ಚಿತ್ರದಲ್ಲಿ ಇಡೀ ಆಕಾಶ ಅರಳಿ ಕೂರುತ್ತದೆ. ಕೈ ಬಿಡುವಿಲ್ಲದಾಗ ರಟ್ಟನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದೆಯಲ್ಲ, ಮೂಲೆಯಲ್ಲಿ ನಿನ್ನ ಹಲ್ಲಿನ ಗುರುತು ಇನ್ನೂ ಇದೆ. ನಾನು ಇನ್ನೊಂದು ಮೂಲೆಯನ್ನು ಕಚ್ಚುತ್ತೇನೆ.

ಕಷ್ಟವಾದದ್ದು ಫೋಕಸ್ಸು. "ಕತ್ತಲಾದ ಮೇಲೆ ಏನೂ ಸಿಗಲ್ಲ, ಬೆಳಕಿರೋವಾಗ್ಲೇ ಕಟ್ಟಿಟ್ಕೋಬೇಕು" ಎಂದು ನೀನು ನನ್ನನ್ನು ಕಂಬಿಯ ಹತ್ತಿರದ ದೀಪದ ಕಂಬದ ಪಕ್ಕ, ಕ್ಯಾಮೆರಾಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದೆ. ನನ್ನ ರೆಪ್ಪೆಯ ಕೂದಲು ಕಾಣುವ ತನಕ ಲೆನ್ಸಿನ ಉಂಗುರ ತಿರುಗಿಸಿ ಟೇಪು ಅಂಟಿಸುತ್ತಿದ್ದೆ. ಸದಾ ನಿನ್ನ ಹಿಂದೆಯೇ ಅಂಟಿಕೊಂಡಿರುತ್ತಿದ್ದ ನನಗೆ ಮೇಲಿಂದ ಕೂಗುತ್ತಿದ್ದದ್ದು ಒಂದೇ ಮಾತು: "ಬಾಲಾ, ಅಲುಗಾಡಬೇಡ!" ಮೂಗು ತುರಿಸಿದರೂ ಸುಮ್ಮನೆ ನಿಲ್ಲಬೇಕಿತ್ತು. ಈಗ ನನಗಾಗಿ ಯಾರು ನಿಲ್ಲುತ್ತಾರೆ? ನಾನು ಕಂಬವನ್ನೇ ನೋಡಿ ಹೊಂದಿಸುತ್ತಿದ್ದೆ, ಟೇಪು ಅಂಟಿಸುವಾಗ ಉಂಗುರ ಕೂದಲೆಳೆಯಷ್ಟು ಜರುಗಿಬಿಡುತ್ತಿತ್ತು. ಚಿತ್ರಗಳೆಲ್ಲ ಮಬ್ಬು. ಮ್ಯಾನೇಜರು ಮುಖ ಸಿಂಡರಿಸಿದ್ದೇ ಸಿಂಡರಿಸಿದ್ದು. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಆ ಖಾಲಿ ಜಾಗ ನೋಡಿಕೊಂಡು ಜೋರಾಗಿಯೇ ಅಂದುಬಿಟ್ಟೆ: "ಅಣ್ಣಾ, ಒಂದ್ಸಲ ಬಂದು ನಿಂತ್ಕೋಬಾರ್ದಾ?"

ಅವತ್ತಿನ ಚಿತ್ರ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟವಾಗಿ ಬಂತು. ಅಂತೂ ಕೈ ಕುದುರಿತು ಎಂದು ನಾನು ಬೀಗಿದೆ. ಪಾರ್ಕಿನಲ್ಲಿ ಯಾರಿಗೂ ತಿಳಿಯದಿರಲಿ ಎಂದು ಒಳಗೊಳಗೇ ಕುಣಿದೆ. ಚಿತ್ರವನ್ನು ದೊಡ್ಡದು ಮಾಡಿ ನೋಡುವಾಗ ದೀಪದ ಕಂಬದ ಪಕ್ಕ ಒಬ್ಬ ಕಂಡ. ಅಷ್ಟು ಜನರ ಬೆನ್ನಿನ ನಡುವೆ ಅಕ್ಕಿಕಾಳಿನಷ್ಟು ಚಿಕ್ಕದಾಗಿ ಒಂದೇ ಒಂದು ಮುಖ. ಎಲ್ಲರೂ ಆಕಾಶ ನೋಡುತ್ತಿದ್ದಾರೆ, ಅವನೊಬ್ಬ ಕ್ಯಾಮೆರಾ ನೋಡುತ್ತಿದ್ದಾನೆ. ಯಾರೋ ತಲೆಕೆಟ್ಟವನಿರಬೇಕು ಎಂದುಕೊಂಡು ಚಿತ್ರ ಮಾರಾಟಕ್ಕೆ ಕೊಟ್ಟೆ.

ಮರುದಿನವೂ ಇದ್ದ. ಅದರ ಮರುದಿನವೂ. ಮ್ಯಾನೇಜರ ಕಣ್ಣಿಗೂ ಬಿತ್ತು. "ದಿನಾ ಬರ್ತಾನಲ್ಲ ಈ ಮಹಾರಾಯ, ಟಿಕೆಟ್ ತಗೋತಾನಾ ಹೆಂಗೆ?" ಎಂದು ಗೇಟಿನವರನ್ನು ಗದರಿಸಿದರು. ಆಗ ನಾನೂ ನಕ್ಕೆ. ಸಂಜೆ ರಟ್ಟು ಹಿಡಿದುಕೊಂಡೇ ಬಗ್ಗಿ ಬರಿಗಣ್ಣಿನಲ್ಲಿ ಕೆಳಗೆ ನೋಡಿದೆ. ಕಂಬದ ಪಕ್ಕ ಯಾರೂ ಇರಲಿಲ್ಲ. ಕಾಲಿಡಲು ಜಾಗವಿಲ್ಲದಷ್ಟು ಜನ, ಹೆಗಲ ಮೇಲೆ ಮಕ್ಕಳನ್ನು ಹೊತ್ತವರು, ತಳ್ಳಾಡುವವರು, ಆದರೂ ಅಲ್ಲೊಂದು ಆಳು ನಿಲ್ಲುವಷ್ಟು ಜಾಗ ಖಾಲಿ. ಮನೆಗೆ ಬಂದು ಚಿತ್ರ ತೆರೆದು ನೋಡಿದರೆ ಆ ಜಾಗದಲ್ಲಿ ಅವನಿದ್ದ.

ಮರದ ಕುದುರೆಗಳನ್ನು ತಿರುಗಿಸುವ ಕುದುರೆ ಮಾಮನ ಕಾಲು ಹಿಡಿದೆ. ಬಾಣಬಿರುಸಿನ ಹೊತ್ತಿಗೆ ಆ ಕಂಬದ ಪಕ್ಕವೇ ನನ್ನ ಕಡೆ ಮುಖ ಮಾಡಿ ನಿಂತಿರು, ಏಕೆಂದು ಕೇಳಬೇಡ ಎಂದೆ. ಪಾಪ, ಮೀಸೆ ಬಾಚಿಕೊಂಡು ಬಂದು ನಿಂತ. ಚಿತ್ರದಲ್ಲಿ ಮಾಮ ಹೊಗೆಯ ಹಾಗೆ ಬಂದಿದ್ದಾನೆ, ಮುಖ ಎಲ್ಲಿ ಮೀಸೆ ಎಲ್ಲಿ ಎಂದು ತಿಳಿಯುವುದಿಲ್ಲ. ಅವನ ಪಕ್ಕದಲ್ಲಿ ಇವನು, ಕಂಬದಷ್ಟೇ ಸ್ಪಷ್ಟ. ಕಂಬದ ಪಕ್ಕ ನಿಲ್ಲು ಎಂದರೆ ದೂರ ನಿಂತೆಯಲ್ಲ ಎಂದು ಮಾಮನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. "ಹೌದಲ್ವಾ? ಯಾಕೋ ಸ್ವಲ್ಪ ಜಾಗ ಬಿಟ್ಟು ನಿಂತೆ. ಯಾರಿಗೆ ಬಿಟ್ಟೆ ಅಂತ ನಂಗೂ ಗೊತ್ತಿಲ್ಲ ಕಣಮ್ಮ."

ಆಮೇಲೆ ಧೈರ್ಯ ಮಾಡಿ ಆ ಮುಖವನ್ನು ಪೂರ್ತಿ ದೊಡ್ಡದು ಮಾಡಿದೆ. ನೀನೇ ಕಲಿಸಿದ್ದೆ, ಬೆಳಕು ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ ಎಂದು. ಬಾಣಗಳು ಸಿಡಿಯುವುದು ಅವನ ಬೆನ್ನ ಹಿಂದೆ. ಅಕ್ಕಪಕ್ಕದವರೆಲ್ಲ ಕಪ್ಪು ನೆರಳುಗಳು, ಅಂಚಿಗೆ ಮಾತ್ರ ಕೆಂಪು, ಹಸಿರು. ಅವನ ಮುಖದ ಮೇಲೆ ಸಂಜೆ ಐದು ಗಂಟೆಯ ಬೆಳಕಿದೆ, ನೀನು ಫೋಕಸ್ಸು ಕಟ್ಟುತ್ತಿದ್ದ ಹೊತ್ತಿನ ಬೆಳಕು. ರೆಪ್ಪೆಯ ಕೂದಲು ಎಣಿಸಬಹುದು. ಬಿಳಿ ಅಂಗಿ. ಎದೆಯ ಹತ್ತಿರ ಕೆಂಪು ಗುಂಡಿ.

ಅವತ್ತು ನಾನು ಅತ್ತದ್ದು ಸಂತೋಷಕ್ಕೋ ಭಯಕ್ಕೋ ನನಗೇ ತಿಳಿಯದು. ನಾನು ಕರೆದೆ, ನೀನು ಬಂದೆ. ಬಾಲ ಕರೆದರೆ ಬೈಯುತ್ತಲಾದರೂ ಬರುತ್ತಿದ್ದವನೇ ನೀನು. ಮಾರುವ ಚಿತ್ರದಲ್ಲಿ ಆ ಮನುಷ್ಯ ಬೇಡ, ಕಂಪ್ಯೂಟರಿನಲ್ಲಿ ಅಳಿಸು ಎಂದು ಮ್ಯಾನೇಜರು ಹೇಳಿದ್ದಾರೆ. ಎರಡು ಸಲ ಕೂತೆ, ಕೈ ಏಳಲಿಲ್ಲ.

ಅಮ್ಮನಿಗೆ ತೋರಿಸಬಾರದು ಎಂದೇ ಇದ್ದೆ. ಹೊಸ ಕಣ್ಣಿನವಳು ಬಿಡಬೇಕಲ್ಲ! ಮಗಳು ಏನು ಘನಂದಾರಿ ಕೆಲಸ ಮಾಡುತ್ತಾಳೆ ನೋಡಬೇಕು ಎಂದು ಹಟ ಹಿಡಿದಳು. ಇರುವುದರಲ್ಲಿ ಚಿಕ್ಕ ಪ್ರತಿ ಆರಿಸಿ ಕೊಟ್ಟೆ, ಅದರಲ್ಲಿ ಕಂಬವೇ ಕಡ್ಡಿಯಷ್ಟು. ಕಿಟಕಿಯ ಹತ್ತಿರ ಹಿಡಿದು ನೋಡಿದಳು. ಆಕಾಶದ ಕಡೆ ಕಣ್ಣೂ ಹಾಯಿಸಲಿಲ್ಲ. "ಎಲ್ಲಾರೂ ಆಕಡೆ ನೋಡ್ತಿದ್ರೆ ಇವನ್ಯಾಕೆ ನಮ್ಮನ್ನ ನೋಡ್ತಿದ್ದಾನೆ?" ಎಂದಳು. ಅವಳೇ ಉತ್ತರವನ್ನೂ ಹೇಳಿಕೊಂಡಳು: "ನಮ್ಮನ್ನ ನೋಡೋಕೇ ಬಂದಿರ್ತಾನೆ, ಬಿಡು. ಮನೆಗೆ ಬರೋಕೆ ಏನು ರೋಗ ಇವನಿಗೆ? ಜಗಳ ಆಡ್ಕೊಂಡ್ರಾ ಇಬ್ರೂ?" ಆ ಚಿತ್ರವನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡುತ್ತಾಳೆ. "ಎಷ್ಟು ಚೆನ್ನಾಗಿ ನಿಂತಿದ್ದಾನೆ, ಒಂಚೂರೂ ಅಲುಗಾಡಿಲ್ಲ" ಎಂದು ಹಾಲಿನವನಿಗೂ ತೋರಿಸಿದಳು. ನಾಳೆ ಸಂಜೆ ಪಾರ್ಕಿಗೆ ಬರುತ್ತಾಳಂತೆ. ಮಗನ ಪಕ್ಕದಲ್ಲಿ ನಿಂತು ಒಂದು ಫೋಟೋ ಬೇಕಂತೆ, ಆಮೇಲೆ ಕಿವಿ ಹಿಂಡಿ ಮನೆಗೆ ಕರೆತರುತ್ತಾಳಂತೆ. ನಿನ್ನ ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ದಾಳೆ. ಏನೆಂದು ಹೇಳಿ ಬೇಡ ಎನ್ನಲಿ?

ಅಮ್ಮ ಒಳಗಿಂದ ಕೂಗುತ್ತಿದ್ದಾಳೆ, ನಾಳೆಗೆ ಯಾವ ಸೀರೆ ಉಡಲಿ ಎಂದು. ನಿನಗೆ ಅವಳ ಆಶೀರ್ವಾದ, ಜೊತೆಗೆ ಒಂದು ಕಂತೆ ಬೈಗುಳ. ಕುದುರೆ ಮಾಮ ಕೇಳಿದನೆಂದು ತಿಳಿಸಲು ಹೇಳಿದ್ದಾನೆ. ಎಲ್ಲಿದ್ದರೂ ಬೆಚ್ಚಗಿರು.

ನಿನ್ನ,
ಬಾಲ

ಮತ್ತೆ: ಲಕೋಟೆ ಅಂಟಿಸಿದ್ದವಳು ಬಿಚ್ಚಿ ಬರೆಯುತ್ತಿದ್ದೇನೆ. ಚಿಕ್ಕವಳಿದ್ದಾಗ ಒಮ್ಮೆ ನಿನ್ನ ಬಾಣಬಿರುಸಿನ ಚಿತ್ರದಲ್ಲಿ ನಾನು ಮಸುಕಾಗಿ ಬಂದೆನೆಂದು ರಂಪ ಮಾಡಿದ್ದೆ. ಉಸಿರು ಕಟ್ಟಿ ನಿಂತಿದ್ದೆ, ನೀನೇ ಕೆಡಿಸಿದೆ ಎಂದಿದ್ದೆ. ಆಗ ನೀನು ಕೊಟ್ಟ ಸಮಾಧಾನ ನೆನಪಿದೆಯಾ? "ಅಷ್ಟು ಹೊತ್ತು ಶಟರ್ ತೆರೆದಿದ್ರೆ ಉಸಿರಾಡೋ ಮನುಷ್ಯ ಅಲುಗಾಡೇ ಅಲುಗಾಡ್ತಾನೆ ಕಣೇ. ಮಸುಕಾಗಿದ್ದೀಯ ಅಂದ್ರೆ ಜೀವ ಇದೆ ಅಂತ." ಕೆಂಪು ಗುಂಡಿ ಕಂಡ ದಿನದಿಂದ ಆ ಮಾತು ನನ್ನನ್ನು ಮಲಗಲು ಬಿಟ್ಟಿಲ್ಲ. ನಾಳೆ ಅಮ್ಮ ಪಕ್ಕದಲ್ಲಿರುತ್ತಾಳೆ. ಅವಳ ಮಂಡಿ ಒಂದು ಕಡೆ ನಿಲ್ಲುವುದಿಲ್ಲ, ಅವಳಂತೂ ಮಸುಕಾಗಿಯೇ ಬರುತ್ತಾಳೆ. ನೀನೂ ಸ್ವಲ್ಪ ಅವಳ ಹಾಗೆ ಬಾ. ಒಂದು ಕೈ ಎತ್ತು, ಕತ್ತು ತಿರುಗಿಸು, ಬೇಕಾದರೆ ಮೂಗು ತುರಿಸಿಕೋ. ಚಿತ್ರ ಕೆಟ್ಟರೆ ಕೆಡಲಿ, ಮ್ಯಾನೇಜರು ಕೆಲಸದಿಂದ ತೆಗೆದರೆ ತೆಗೆಯಲಿ. ಅಣ್ಣಾ, ನಿನ್ನ ಕಾಲಿಗೆ ಬೀಳುತ್ತೇನೆ, ನಾಳೆ ಒಂದಿಷ್ಟು ಅಲುಗಾಡು.