ಅಜ್ಜನ ಹತ್ತನೇ ತಾರೀಖು

ರೋಮ್, 1582, ಅಕ್ಟೋಬರ್. ತಾರೀಖು ಆ ದೇವರಿಗೇ ಗೊತ್ತು.

ಮೊಮ್ಮಗಳೇ ಓರ್ತೆನ್ಸಿಯಾ,

ನಿನ್ನ ಚಿಕ್ಕಮ್ಮನ ಮನೆ ಸೇರಿದೆ. ಮೊಣಕಾಲು ನೋವು ಇಳಿದಿದೆ, ತಲೆ ಮಾತ್ರ ಕೆಟ್ಟಿದೆ. ಗುರುವಾರ ನಾಲ್ಕನೇ ತಾರೀಖಾಗಿತ್ತು. ಮಾರನೆಯ ದಿನ ಶುಕ್ರವಾರವೇ ಬಂತು, ಆದರೆ ತಾರೀಖು ಹದಿನೈದಂತೆ! ನಿನ್ನಜ್ಜ ತೀರಿಕೊಂಡ ಹತ್ತನೇ ತಾರೀಖಿಗೆ ಪೂಜೆಗೆ ಹೇಳಲು ಇಗರ್ಜಿಗೆ ಹೋದೆ.

"ಈ ವರ್ಷ ಹತ್ತನೇ ತಾರೀಖೇ ಇಲ್ಲಮ್ಮ, ಪಂಚಾಂಗ ಸರಿಮಾಡಲು ಪೋಪರು ಐದರಿಂದ ಹದಿನಾಲ್ಕರವರೆಗೆ ತೆಗೆದುಬಿಟ್ಟಿದ್ದಾರೆ" ಅಂದರು ಪಾದ್ರಿಗಳು.

"ತೆಗೆದು ಎಲ್ಲಿಟ್ಟಿದ್ದಾರೆ ಸ್ವಾಮಿ? ನಮ್ಮ ಯಜಮಾನರ ದಿನ ಅದರೊಳಗೇ ಇದೆ!"

ಪೂಜೆ ತಪ್ಪಿದರೆ ನಿನ್ನಜ್ಜನಿಗೆ ಸ್ವರ್ಗಕ್ಕೆ ಮುಂಚೆ ಪಾಪ ತೊಳೆಯುವ ಆ ಶುದ್ಧಿಯ ಬೆಂಕಿಯೇ ಇನ್ನೊಂದು ವರ್ಷ ಗತಿ. ಹಳೇ ಲೆಕ್ಕದ ಹತ್ತು ಯಾವ ವಾರ ಬೀಳುತ್ತಿತ್ತೆಂದು ಗುರುವಾರದ ಮಾರನೆಯ ದಿನದಿಂದ ಜಪಮಣಿ ಎಣಿಸಿದೆ. ಆರನೆಯ ಮಣಿಗೆ ಬುಧವಾರ ಸಿಕ್ಕಿತು. ನೀನೂ ಊರಲ್ಲಿ ಅವತ್ತೇ ದೀಪ ಹಚ್ಚು. ಇವರ ಲೆಕ್ಕಕ್ಕೆ ಅದು ಇಪ್ಪತ್ತಾದರೆ ಆಗಲಿ. ಬದುಕಿದ್ದಾಗ ಮಾತ್ರ ನಿನ್ನಜ್ಜ ಹೇಳಿದ ದಿನಕ್ಕೆ ಮನೆಗೆ ಬಂದಿದ್ದರೇ?

ಈ ಕಾಗದ ಒಯ್ಯುವ ಕತ್ತೆಯವನು ಹೊರಟ, ಇಲ್ಲಿಗೆ ನಿಲ್ಲಿಸುತ್ತೇನೆ.
ನಿನ್ನಜ್ಜಿ